ಕೈ ಎತ್ತುವವರ ಮೈದಾನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಹಿಂದುಹಿಂದಕ್ಕೆ ನಡೆಯುತ್ತಿದ್ದಾರೆ. ಕೈಯಲ್ಲಿ ದಾರದ ಉಂಡೆ. ದಾರದ ಇನ್ನೊಂದು ತುದಿಯನ್ನು ಮೂಲೆಯ ಗೂಟಕ್ಕೆ ಕಟ್ಟಿದೆ. ಆ ದಾರದ ಗುಂಟ ಒಬ್ಬ ಗಂಡಸು ಪುಟ್ಟ ಗಾಡಿಯೊಂದನ್ನು ತಳ್ಳಿಕೊಂಡು ಬರುತ್ತಿದ್ದಾರೆ. ಗಾಡಿಯ ಹೊಟ್ಟೆಯಿಂದ ಸುಣ್ಣದ ಪುಡಿ ಉದುರಿ ನೆಲದ ಮೇಲೆ ಬಿಳಿ ಗೆರೆ ಮೂಡುತ್ತಿದೆ. ಅದರ ಒಂದು ಚಕ್ರ ಸುತ್ತಿಗೊಮ್ಮೆ ಕಿರುಗುಟ್ಟುತ್ತದೆ.

"ಎಡಕ್ಕೆ ಹೋಗ್ತಿದೀಯ."

"ದಾರ ಎಡಕ್ಕಿದೆ, ನಾನಲ್ಲ."

"ದಾರ ನೆಟ್ಟಗಿದೆ. ನೀನು ಹುಟ್ಟಿದಾಗಿನಿಂದ ಎಡಕ್ಕೇ."

ಇವರು ಅಕ್ಕ, ತಮ್ಮ. ಅಕ್ಕ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದು ನಿವೃತ್ತರಾದವರು. ತಮ್ಮನದು ಬೀಗ ರಿಪೇರಿ ಮತ್ತು ಕೀಲಿಕೈ ಮಾಡುವ ಅಂಗಡಿ. ಮೈದಾನಕ್ಕೆ ಬರುವವರೆಲ್ಲ, ವಯಸ್ಸಿನಲ್ಲಿ ಹಿರಿಯರೂ ಸೇರಿ, ಆಕೆಯನ್ನು 'ಅಕ್ಕ' ಎನ್ನುತ್ತಾರೆ, ಆತನನ್ನು 'ಬೀಗದಣ್ಣ' ಎನ್ನುತ್ತಾರೆ. ಇಬ್ಬರೂ ಸೇರಿ ಮಕ್ಕಳಿಗಾಗಿ ಫುಟ್‌ಬಾಲ್ ಸಂಘವೊಂದನ್ನು ನಡೆಸುತ್ತಾರೆ. ಅಕ್ಕ ಅಧ್ಯಕ್ಷೆ, ತಮ್ಮ ಕಾರ್ಯದರ್ಶಿ. ಸಂಘಕ್ಕೆ ಉದ್ದದ ಹೆಸರೊಂದಿದೆ. ಅದು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. ಬೀದಿಯವರು ಇಟ್ಟ ಹೆಸರು 'ಕೈಯೆತ್ತೋರ ಸಂಘ'.

ಹೆಸರಿಗೆ ಕಾರಣ ಸರಳ. ಇಲ್ಲಿನ ಪಂದ್ಯಗಳಲ್ಲಿ ರೆಫರಿ ಇಲ್ಲ. ತಪ್ಪು ಮಾಡಿದವರೇ ಕೈ ಎತ್ತಬೇಕು. ಕೈ ಮೇಲೆದ್ದ ಕೂಡಲೇ ಎಲ್ಲರೂ ಆಟ ನಿಲ್ಲಿಸುತ್ತಾರೆ, ಚೆಂಡು ಎದುರಿನವರ ಪಾಲಾಗುತ್ತದೆ, ಆಟ ಮತ್ತೆ ಶುರುವಾಗುತ್ತದೆ. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಸುತ್ತಾಗಿ ಕೂತು ಎದುರಾಳಿಗಳಲ್ಲಿ ಯಾರು ಚೆನ್ನಾಗಿ ಆಡಿದರು, ಯಾರು ನೇರವಾಗಿ ಆಡಿದರು ಎಂದು ಹೇಳಬೇಕು. ತಮ್ಮವರನ್ನು ಹೊಗಳುವಂತಿಲ್ಲ.

"ದಾರ ಹಿಡ್ಕೊಳ್ಳಮ್ಮ, ಸುಮ್ನೆ ನಿಂತಿದೀಯಲ್ಲ" ಎಂದು ಅಕ್ಕ ಉಂಡೆಯನ್ನು ನನ್ನ ಕೈಗಿಡುತ್ತಾರೆ. ಬರೆಯಲು ಬಂದವರಿಗೂ ಇಲ್ಲಿ ರಿಯಾಯಿತಿ ಇಲ್ಲ.

ಇವತ್ತು ಭಾನುವಾರ. ಬೆಳಿಗ್ಗೆ ಇಲ್ಲಿ ಚಿಕ್ಕ ಮಕ್ಕಳ ಆಟ. ಹತ್ತು ಗಂಟೆಗೆ ಊರಿನ ದೊಡ್ಡ ಕ್ರೀಡಾಂಗಣದಲ್ಲಿ ಹುಡುಗಿಯರ ಟೂರ್ನಿಯ ಫೈನಲ್. ಸಂಘದ ಹುಡುಗಿಯರ ತಂಡ ಮೊದಲ ಸಲ ಅಲ್ಲಿಯವರೆಗೆ ಬಂದಿದೆ. ಹುಡುಗಿಯರಿಗೆಂದು ಊರಿನಲ್ಲಿ ನಡೆಯುವುದು ಅದೊಂದೇ ಟೂರ್ನಿ. ಅಲ್ಲಿ ರೆಫರಿ ಇರುತ್ತಾರೆ. ಟೂರ್ನಿಯವರು ಈ ವಾರ ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿದ್ದಾರೆ: ಇನ್ನೊಮ್ಮೆ ಆಟದ ಮಧ್ಯೆ ನಿಮ್ಮ ಹುಡುಗಿಯರ ಕೈ ಮೇಲೆದ್ದರೆ, ಮುಂದಿನ ವರ್ಷದಿಂದ ನಿಮ್ಮ ಸಂಘಕ್ಕೆ ಇಲ್ಲಿ ಜಾಗವಿಲ್ಲ.

ಟ್ಯಾಂಕಿನ ಗೋಡೆಗೆ ಯಾರೋ ಚೆಂಡು ಒದೆಯುವ ಸದ್ದು ಕೇಳುತ್ತದೆ. ತಂಡದ ಎಡಬದಿಯ ರಕ್ಷಣೆ ಆಟಗಾರ್ತಿ, ಹದಿಮೂರರ ಹುಡುಗಿ. ಎಲ್ಲದಕ್ಕೂ ಅವಸರ, ಆದ್ದರಿಂದ ಹೆಸರು 'ಗಡಿಬಿಡಿ'. ಫೈನಲ್ ಇರುವ ದಿನ ನಿದ್ದೆ ಬಂದಿಲ್ಲವೆಂದು ಎಲ್ಲರಿಗಿಂತ ಮೊದಲೇ ಬಂದಿದ್ದಾಳೆ. ಅಕ್ಕ ಕತ್ತೆತ್ತದೆಯೇ ಕೇಳುತ್ತಾರೆ, "ಎಡಗಾಲು ಯಾಕೆ ತಂದಿದೀಯ? ಮನೇಲೇ ಬಿಟ್ಟು ಬರಬಹುದಿತ್ತಲ್ಲ."

"ಬಲಗಾಲಿಗೆ ಜೊತೆಗಿರಲಿ ಅಂತ, ಅಕ್ಕ."

"ಎರಡು ವರ್ಷದಿಂದ ಹೇಳ್ತಿದೀನಿ. ಎಡಗಡೆ ಆಡೋಳು ಎಡಗಾಲು ಬಳಸಲ್ಲ ಅಂದ್ರೆ, ಅಡುಗೆಯವನು ಒಲೆ ಮುಟ್ಟಲ್ಲ ಅಂದ ಹಾಗೆ."

ಗಡಿಬಿಡಿ ಒಮ್ಮೆ ಎಡಗಾಲಲ್ಲಿ ಒದೆಯುತ್ತಾಳೆ. ಚೆಂಡು ಗೋಡೆಯನ್ನು ಬಿಟ್ಟು ಪಕ್ಕದ ಲಾಂಡ್ರಿಯವರು ಒಣಹಾಕಿದ ಬೆಡ್‌ಶೀಟಿಗೆ ತಾಗಿ ಬೀಳುತ್ತದೆ. ಅವಳು ತಕ್ಷಣ ಕೈ ಎತ್ತುತ್ತಾಳೆ. ಎದುರಿಗೆ ಯಾರೂ ಇಲ್ಲ.

"ನೋಡಿ, ಇದೇ ನಮ್ಮ ಕಷ್ಟ" ಎಂದು ಬೀಗದಣ್ಣ ನನ್ನತ್ತ ತಿರುಗುತ್ತಾರೆ. "ಕಲಿಸೋದು ಸುಲಭ. ಬಿಡಿಸೋಕಾಗಲ್ಲ."

ಸಂಘದ ಕಚೇರಿ ಬೀಗದಣ್ಣನ ಅಂಗಡಿಯ ಹಿಂದಿನ ಅರ್ಧ. ಮುಂದಿನ ಅರ್ಧದಲ್ಲಿ ಅರದ ಸದ್ದು, ಕಬ್ಬಿಣದ ಪುಡಿ, ಗೋಡೆ ತುಂಬ ನೇತಾಡುವ ಹಲ್ಲು ಕೊರೆಯದ ಕೀಲಿಕೈಗಳು. ಪರದೆ ಸರಿಸಿದರೆ ಎರಡು ಕುರ್ಚಿ, ಒಂದು ಬೆಂಚು, ಒದ್ದೆ ಶೂಗಳ ವಾಸನೆ. ಹತ್ತೊಂಬತ್ತು ಚೆಂಡುಗಳಿವೆ, ಗಾಳಿ ನಿಲ್ಲುವುದು ಹನ್ನೊಂದರಲ್ಲಿ. ಹದಿನಾಲ್ಕು ತಂಡಗಳು, ಇನ್ನೂರರ ಆಸುಪಾಸು ಮಕ್ಕಳು. ಮೈದಾನದ ಒಂದು ತುದಿ ಇಳಿಜಾರಾಗಿರುವುದರಿಂದ ಅರ್ಧ ಆಟವಾದ ಮೇಲೆ ತಂಡಗಳು ಬದಿ ಬದಲಿಸುವುದು ಇಲ್ಲಿ ಬರಿಯ ಶಾಸ್ತ್ರವಲ್ಲ. ಅಗತ್ಯ.

ಈ ಪದ್ಧತಿಯ ಹಿಂದೆ ದೊಡ್ಡ ತತ್ವವೇನೂ ಇರಲಿಲ್ಲ ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. "ಒಂದು ಸಲ ರೆಫರಿಗೆ ಬಸ್ ತಪ್ಪಿಹೋಯ್ತು. ಅಷ್ಟೇ ಕಥೆ. ಎರಡು ಶಾಲೆ ಮಕ್ಕಳು ಬಂದು ಕೂತಿದ್ರು. ಬಿಸಿಲು ಏರ್ತಿತ್ತು. ವಾಪಸ್ ಕಳಿಸೋಕೆ ಮನಸ್ಸು ಬರಲಿಲ್ಲ. ತಪ್ಪು ಮಾಡಿದೋರು ನೀವೇ ಹೇಳ್ರಪ್ಪ, ಆಡೋಣ ಅಂದೆ. ಅವತ್ತು ಒಂದು ಜಗಳ ಇಲ್ಲ. ಇಷ್ಟು ವರ್ಷ ಸೀಟಿ ಊದಿ ಊದಿ ನಾನೇ ಜಗಳ ಹುಟ್ಟಿಸ್ತಿದ್ನಾ ಅನ್ನಿಸ್ತು."

ಮಕ್ಕಳಿಗೆ ಅದು ಒಂದು ತಿಂಗಳಲ್ಲಿ ರೂಢಿಯಾಯಿತು. ತಂದೆತಾಯಂದಿರಿಗೆ ಹಲವು ವರ್ಷ ಹಿಡಿಯಿತು. ಮಗ ಕೈ ಎತ್ತಿದರೆ ಗೆರೆಯಾಚೆಯಿಂದ ಅಪ್ಪ "ಕೈ ಇಳಿಸೋ" ಎಂದು ಗದರುತ್ತಿದ್ದ. ಅರ್ಧದಷ್ಟು ಮಕ್ಕಳನ್ನು ಬಿಡಿಸಿ ಕರೆದುಕೊಂಡು ಹೋದ ವರ್ಷವೂ ಉಂಟು. ಆಗ ಬೀಗದಣ್ಣ ಒಂದು ಶಿಕ್ಷೆ ಹುಡುಕಿದರು. ಮೈದಾನದ ಅಂಚಿನಲ್ಲಿ ನಿಂತು ಹಾಗೆ ಕೂಗಿದವರು ಮುಂದಿನ ಭಾನುವಾರ ಬೆಳಗಿನ ಜಾವ ಬಂದು ಸುಣ್ಣದ ಗಾಡಿ ತಳ್ಳಬೇಕು.

ಆ ಶಿಕ್ಷೆಯನ್ನು ಅತಿ ಹೆಚ್ಚು ಸಲ ಅನುಭವಿಸಿದವರು ಗಡಿಬಿಡಿಯ ಅಪ್ಪ. ಅವರು ಬೇಕರಿ ಇಟ್ಟುಕೊಂಡಿದ್ದಾರೆ. ಈಗ ಕೂಗದಿದ್ದರೂ ಬರುತ್ತಾರೆ. ಮೊದಲ ಪಾಳಿಯ ಬ್ರೆಡ್ ಒಲೆಯಿಂದ ಇಳಿಸಿ ನೇರ ಇಲ್ಲಿಗೆ. ತೋಳಿನ ತುಂಬ ಮೈದಾ, ಅದರ ಮೇಲೆ ಸುಣ್ಣ.

"ಇವತ್ತು ಯಾಕೆ ಬಂದ್ರಿ? ಹೋದ ವಾರ ನೀವು ಬಾಯಿ ಬಿಟ್ಟಿಲ್ವಲ್ಲ" ಎಂದು ಬೀಗದಣ್ಣ ಕೇಳುತ್ತಾರೆ.

"ಮುಂಗಡ ಕಟ್ಟಿಟ್ಟಿರ್ತೀನಿ" ಎನ್ನುತ್ತಾರೆ ಬೇಕರಿಯವರು. "ಇವತ್ತು ಫೈನಲ್ಲು. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ."

ಈಗ ಸೆಮಿಫೈನಲ್‌ನಲ್ಲಿ ಏನಾಯಿತು ಎಂದು ಹೇಳಬೇಕು. ಅದನ್ನು ನೆನೆದರೆ ಬೀಗದಣ್ಣನಿಗೆ ಇನ್ನೂ ನಗು ತಡೆಯುವುದಿಲ್ಲ. ಅಕ್ಕನಿಗೆ ನಗು ಬರುವುದಿಲ್ಲ.

ತಂಡದ ರಕ್ಷಣೆಯ ಮಧ್ಯದಲ್ಲಿ ನಿಲ್ಲುವವಳು 'ಗೋಡೆ'. ಅವಳನ್ನು ದಾಟಿ ಚೆಂಡು ಹೋಗುವುದು ಅಪರೂಪ. ಅವತ್ತು ಚೆಂಡು ಅವಳ ತೋಳಿಗೆ ತಾಗಿತು. ಯಾರೂ ಗಮನಿಸಿದಂತೆ ಕಾಣಲಿಲ್ಲ. ಗೋಡೆ ಕೈ ಎತ್ತಿ ನಿಂತಳು. ಅಭ್ಯಾಸಬಲದಿಂದ ಅವಳ ತಂಡವೆಲ್ಲ ನಿಂತುಬಿಟ್ಟಿತು. ಇವರು ನಿಂತದ್ದನ್ನು ಕಂಡು ಗಾಬರಿಯಾಗಿ ಎದುರಿನ ತಂಡವೂ ನಿಂತಿತು. ಮೈದಾನದಲ್ಲಿ ಓಡುತ್ತಿದ್ದದ್ದು ರೆಫರಿ ಒಬ್ಬರೇ. ಅವರು ಸೀಟಿ ಊದಿರಲೇ ಇಲ್ಲ. ಆಟಕ್ಕೆ ಅಡ್ಡಿಪಡಿಸಿದ್ದಕ್ಕೆ ಗೋಡೆಗೆ ಹಳದಿ ಕಾರ್ಡ್ ಸಿಕ್ಕಿತು. ದ್ವಿತೀಯಾರ್ಧದಲ್ಲಿ ಮತ್ತೊಮ್ಮೆ ತಾಗಿತು, ಗೋಡೆ ಮತ್ತೆ ಕೈ ಎತ್ತಿದಳು. ಎರಡನೇ ಹಳದಿ, ಅಂದರೆ ಕೆಂಪು. ಅವಳು ಹೊರಗೆ ನಡೆದಳು, ಫೈನಲ್‌ನಿಂದಲೂ ಹೊರಗಾದಳು. ಉಳಿದ ಹತ್ತು ಜನ ಹೇಗೋ ಒಂದು ಗೋಲಿನಿಂದ ಗೆದ್ದು ಬಂದರು.

"ಸತ್ಯ ಹೇಳಿದ್ದಕ್ಕೆ ಕೆಂಪು ಕಾರ್ಡ್ ತಗೊಂಡಿರೋಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು" ಎನ್ನುತ್ತಾಳೆ ಗೋಡೆ. ಅವಳಿಗೆ ಅದು ಅರ್ಧ ದುಃಖ, ಅರ್ಧ ಹೆಮ್ಮೆ.

ಅದರ ಬೆನ್ನಿಗೇ ಟೂರ್ನಿಯವರ ಫೋನ್ ಬಂತು. ಅಕ್ಕ ತಮ್ಮನಿಗೆ ಜಗಳ ಹತ್ತಿದ್ದು ಆಮೇಲೆ. ಬೀಗದಣ್ಣನ ವಾದ ಹೀಗೆ: "ಇನ್ನೊಬ್ಬರ ಮನೆಗೆ ಹೋದಾಗ ಎಲ್ಲಿ ಕೂರಬೇಕು ಅಂತ ಮನೆಯವರು ಹೇಳ್ತಾರೆ. ಅಲ್ಲಿ ರೆಫರಿ ಇದಾರೆ. ಅವರ ಕೆಲಸ ನಾವು ಕಿತ್ಕೊಳ್ಳೋದು ಯಾವ ಸೀಮೆ ಮೌಲ್ಯ? ಅವರ ಸೀಟಿ ಕೇಳೋದೂ ನೇರ ಆಟವೇ."

ಅಕ್ಕನ ಉತ್ತರ ಚಿಕ್ಕದು. "ಬೀಗ ಮಾಡ್ತಾ ಮಾಡ್ತಾ ಮಕ್ಕಳ ಬಾಯಿಗೂ ಹಾಕೋಕೆ ಹೊರಟಿದೀಯ."

ಎರಡು ದಿನ ಮಾತು ಬಂದ್. ಹೇಳುವುದಿದ್ದರೆ ಬೇಕರಿಯವರ ಮೂಲಕ. "ಅಧ್ಯಕ್ಷರಿಗೆ ಹೇಳಿ, ಸುಣ್ಣ ಮುಗಿದಿದೆ ಅಂತ." "ಕಾರ್ಯದರ್ಶಿಗೆ ಹೇಳಿ, ಕಣ್ಣು ಇದ್ರೆ ಬೆಂಚಿನ ಕೆಳಗೆ ನೋಡ್ಲಿ ಅಂತ." ಮೂವರೂ ಒಂದೇ ಪರದೆಯ ಹಿಂದೆ ಕೂತಿರುತ್ತಿದ್ದರು.

ಗುರುವಾರ ಸಂಜೆ ಹುಡುಗಿಯರನ್ನೇ ಸುತ್ತಾಗಿ ಕೂರಿಸಿ ಕೇಳಿದರು. ಮುಂದಿನ ವರ್ಷ ಆಡಬೇಕೆಂಬ ಆಸೆ ಎಲ್ಲರಿಗೂ ಇದೆ. ತಪ್ಪು ಮಾಡಿ ಮುಚ್ಚಿಟ್ಟುಕೊಂಡು ಓಡಲು ಯಾರಿಗೂ ಬರುವುದಿಲ್ಲ. "ಕೈ ಕೆಳಗಿಟ್ಕೊಂಡ್ರೆ ಆಮೇಲೆ ಚೆಂಡಿನ ಮೇಲೆ ಗಮನವೇ ಇರಲ್ಲ, ಅಕ್ಕ" ಎಂದಳು ಗಡಿಬಿಡಿ. ಕೊನೆಗೆ ದಾರಿ ತೋರಿಸಿದ್ದು ಗೋಡೆ. ಕೈ ಎತ್ತುವುದು ಬೇಡ, ಆಟ ನಿಲ್ಲಿಸುವುದೂ ಬೇಡ. ತಪ್ಪಾಯಿತು ಅನ್ನಿಸಿದವಳು ಚೆಂಡನ್ನು ಗೆರೆಯಾಚೆ ಒದ್ದುಬಿಡಲಿ. ಚೆಂಡು ತಾನಾಗಿ ಎದುರಿನವರ ಪಾಲಾಗುತ್ತದೆ. ಅದಕ್ಕೆ ಕಾರ್ಡ್ ಕೊಡಲು ಯಾವ ರೆಫರಿಗೂ ಬರುವುದಿಲ್ಲ.

"ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಎಂದರು ಬೀಗದಣ್ಣ. ಎರಡು ದಿನದಲ್ಲಿ ಅಕ್ಕನಿಗೆ ನೇರವಾಗಿ ಹೇಳಿದ ಮೊದಲ ಮಾತು.

ಒಂದು ತೊಡಕು ಉಳಿದಿತ್ತು. ತಮ್ಮದೇ ಗೋಲಿನ ಮುಂದೆ ತಪ್ಪಾದರೆ ಕೊಡಬೇಕಾದದ್ದು ಪೆನಾಲ್ಟಿ, ಗೋಲಿಗೆ ನೇರ ಒದೆತ. ಚೆಂಡನ್ನು ಗೋಲಿನ ಪಕ್ಕದಿಂದ ಹೊರಗೆ ಒದ್ದರೆ ಎದುರಿನವರಿಗೆ ಸಿಗುವುದು ಬರೀ ಕಾರ್ನರ್, ಮೈದಾನದ ಮೂಲೆಯಿಂದ ಒಂದು ಒದೆತ. ಅದು ಅರ್ಧ ಸತ್ಯವಲ್ಲವೇ ಎಂದಳು ಗೋಡೆ. ಅಕ್ಕ ಯೋಚಿಸಿ, "ಉಳಿದರ್ಧ ಆಟ ಮುಗಿದ ಮೇಲೆ ಹೋಗಿ ರೆಫರಿಗೆ ಹೇಳಿ. ಆಗ ಅವರ ಹತ್ರ ಕಾರ್ಡ್ ಇರಲ್ಲ" ಎಂದರು.

ಚಿಕ್ಕ ಮಕ್ಕಳ ಆಟ ಮುಗಿಯುತ್ತದೆ. ಬೇಕರಿಯ ವ್ಯಾನಿನಲ್ಲಿ ಟ್ರೇಗಳನ್ನು ತೆಗೆದು ಹುಡುಗಿಯರನ್ನು ತುಂಬಿಸಲಾಗುತ್ತದೆ. ಗೋಡೆಯೂ ಬಂದಿದ್ದಾಳೆ. ಬಿಸಿ ಬ್ರೆಡ್ಡಿನ ಪರಿಮಳದಲ್ಲಿ ಕ್ರೀಡಾಂಗಣ ತಲುಪುತ್ತೇವೆ. ಅಕ್ಕ ಮೊದಲು ನೋಡುವುದು ಗೆರೆಗಳನ್ನು. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ.

"ನೆಟ್ಟಗಿದೆ" ಎನ್ನುತ್ತಾರೆ, ಸ್ವಲ್ಪ ಬೇಸರದಿಂದ.

"ಅದು ಬಣ್ಣ ಅಕ್ಕ, ಸುಣ್ಣ ಅಲ್ಲ" ಎಂದು ತಮ್ಮ ಸಮಾಧಾನ ಹೇಳುತ್ತಾರೆ.

ರೆಫರಿ ಸೆಮಿಫೈನಲ್‌ನಲ್ಲಿದ್ದವರೇ. ಎತ್ತರದ, ಗಂಭೀರ ಮನುಷ್ಯ. ನಾಣ್ಯ ಚಿಮ್ಮುವ ಮುನ್ನ ಹುಡುಗಿಯರ ಕೈಗಳನ್ನು ಒಂದು ಸುತ್ತು ನೋಡುತ್ತಾರೆ. ಗೋಡೆ ಬೆಂಚಿನ ಮೇಲೆ ತನ್ನೆರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಾಳೆ. ಕೇಳಿದರೆ, "ಇವನ್ನ ನಂಬೋ ಹಾಗಿಲ್ಲ" ಎನ್ನುತ್ತಾಳೆ.

ಪ್ರಥಮಾರ್ಧದಲ್ಲಿ ನಮ್ಮ ಹುಡುಗಿಯರು ಒಂದು ಗೋಲು ಹೊಡೆಯುತ್ತಾರೆ. ವಿರಾಮದ ನಂತರ ಎದುರಿನವರು ಸಮ ಮಾಡುತ್ತಾರೆ. ಆಟ ಮುಗಿಯುತ್ತ ಬಂದಿದೆ. ಎದುರಿನ ಹುಡುಗಿಯೊಬ್ಬಳು ಜೋರಾಗಿ ಒದ್ದ ಚೆಂಡು ಗೋಲಿನ ಎದುರಿಗಿದ್ದ ಗಡಿಬಿಡಿಯ ತೋಳಿಗೆ ಬಡಿದು ಅವಳ ಕಾಲ ಬಳಿಯೇ ಬೀಳುತ್ತದೆ. ಸೀಟಿ ಇಲ್ಲ. ಯಾರೂ ಕೂಗುವುದಿಲ್ಲ. ಎದುರಿಗೆ ಮೈದಾನ ಖಾಲಿ ಇದೆ, ಓಡಿದರೆ ಓಡಬಹುದು.

ಗಡಿಬಿಡಿ ಓಡುವುದಿಲ್ಲ. ಅವಳ ಬಲಗೈ ಭುಜದ ತನಕ ಏಳುತ್ತದೆ. ಬೆಂಚಿನಲ್ಲಿ ಅಕ್ಕ ಉಸಿರು ಬಿಗಿಹಿಡಿಯುತ್ತಾರೆ. ಕೈ ಅಲ್ಲಿಂದ ದಿಕ್ಕು ಬದಲಿಸಿ ತಲೆ ಕೆರೆದುಕೊಳ್ಳುತ್ತದೆ. ಆಮೇಲೆ ಅವಳು ತಿರುಗಿ ಚೆಂಡನ್ನು ತಮ್ಮದೇ ಗೋಲಿನ ಪಕ್ಕದಿಂದ ಗೆರೆಯಾಚೆ ಒದೆಯುತ್ತಾಳೆ.

"ಯಾಕೆ ಹೊರಗೆ ಹೊಡೆದ್ಲು? ಯಾರೂ ಇರಲಿಲ್ವಲ್ಲ" ಎಂದು ಬೇಕರಿಯವರು ಎದ್ದು ನಿಲ್ಲುತ್ತಾರೆ. ಮರುಗಳಿಗೆ ಅರ್ಥವಾಗಿ ಕೂರುತ್ತಾರೆ. ಮುಂಗಡ ಕಟ್ಟಿದ್ದನ್ನು ಬಳಸುವುದಿಲ್ಲ.

ಕಾರ್ನರ್ ಬರುತ್ತದೆ. ಎದುರಿನ ತಂಡದ ಎತ್ತರದ ಹುಡುಗಿ ಚೆಂಡಿಗೆ ತಲೆ ಕೊಡುತ್ತಾಳೆ. ಗೋಲು. ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ. ಎರಡು ಒಂದು, ನಮ್ಮವರಿಗೆ ಸೋಲು.

ಗಡಿಬಿಡಿ ಅಳುವುದಿಲ್ಲ. ಅವಳಿಗೆ ಇನ್ನೊಂದು ಕೆಲಸ ಬಾಕಿ ಇದೆ. ನೇರ ರೆಫರಿಯ ಮುಂದೆ ಹೋಗಿ ನಿಲ್ಲುತ್ತಾಳೆ. ಅಕ್ಕ, ಬೀಗದಣ್ಣ ಹಿಂದೆಯೇ ಹೋಗುತ್ತಾರೆ.

"ಸರ್, ನನ್ನ ಕೈಗೆ ತಾಗಿತ್ತು. ಪೆನಾಲ್ಟಿ ಕೊಡಬೇಕಿತ್ತು. ನಾನು ಕಾರ್ನರ್ ಮಾತ್ರ ಕೊಟ್ಟೆ."

ರೆಫರಿ ಅವಳನ್ನೇ ನೋಡುತ್ತಾರೆ. "ಗೊತ್ತು. ನಾನು ನೋಡಿದೆ."

"ಮತ್ತೆ ಸೀಟಿ?"

"ಕೈ ಮೈಗೆ ಅಂಟಿಕೊಂಡಿತ್ತು. ಚೆಂಡು ತಾನಾಗಿ ಬಂದು ಬಡೀತು. ಅದು ತಪ್ಪೇ ಅಲ್ಲಮ್ಮ. ನೀನು ಓಡಬಹುದಿತ್ತು."

ಗಡಿಬಿಡಿ ಅಕ್ಕನ ಮುಖ ನೋಡುತ್ತಾಳೆ. ಸುತ್ತ ನೆರೆದ ಇಡೀ ತಂಡ ಅಕ್ಕನ ಮುಖ ನೋಡುತ್ತದೆ.

"ತಾಗಿದ್ರೆ ತಪ್ಪೇ ಅಲ್ವಾ?" ಎನ್ನುತ್ತಾರೆ ಅಕ್ಕ. ಅವರ ದನಿ ಇಷ್ಟು ಸಣ್ಣದಾಗಿ ನಾನು ಕೇಳಿರಲಿಲ್ಲ.

"ಅದು ಬೀದಿ ಆಟದ ನಿಯಮ, ಮೇಡಂ. ಪುಸ್ತಕದಲ್ಲಿ ಹಾಗಿಲ್ಲ. ಮೊನ್ನೆ ಆ ಹುಡುಗಿಯದೂ ಅಷ್ಟೇ, ಮೊದಲನೇದು ತಪ್ಪಲ್ಲ." ರೆಫರಿ ಸೇರಿಸುತ್ತಾರೆ, "ಎರಡನೇದು ತಪ್ಪಿರಬಹುದು. ಅದು ನನಗೆ ಕಂಡಿರಲಿಲ್ಲ." ಅವರ ಕೈ ಅರ್ಧ ಮೇಲೆದ್ದು, ಕಾಲರ್ ಸರಿಮಾಡಿಕೊಂಡು ಕೆಳಗಿಳಿಯುತ್ತದೆ.

ಆಗ ಅಕ್ಕ ಕೈ ಎತ್ತುತ್ತಾರೆ. ಪೂರ್ತಿ, ತಲೆಯ ಮೇಲೆ. ಸುಣ್ಣ ಹಿಡಿದ ಬೆರಳುಗಳು ಕಾಣುತ್ತವೆ. "ನನ್ನ ತಪ್ಪು. ಚಿಕ್ಕ ಮಕ್ಕಳಿಗೆ ಸುಲಭ ಆಗ್ಲಿ ಅಂತ ತಾಗಿದ್ರೆ ತಪ್ಪು ಅಂತ ನಾನೇ ಮಾಡಿದ್ದು. ಇವರು ದೊಡ್ಡೋರಾದ್ರು. ನಾನು ಪುಸ್ತಕ ತೆಗೆದು ನೋಡ್ಲಿಲ್ಲ. ಈ ಗೋಲು ನನ್ನ ಲೆಕ್ಕಕ್ಕೆ ಹಾಕ್ಕೊಳ್ರಿ."

ಬೀಗದಣ್ಣನೇ ಮೊದಲು ನಗುತ್ತಾರೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ಕುಂಬಳಕಾಯಿ ಕದೀದೇ ಹೆಗಲು ಮುಟ್ಕೊಂಡೋರು ನಾವೇ ಮೊದಲು." ಗೋಡೆ ನಗುತ್ತಾಳೆ, ಗಡಿಬಿಡಿಗೂ ನಗು ಬಂದುಬಿಡುತ್ತದೆ. ಏನೆಂದು ನೋಡಲು ಬಂದ ಎದುರಿನ ತಂಡದ ಹುಡುಗಿಯರು ಕಥೆ ಕೇಳಿ ಹುಲ್ಲಿನ ಮೇಲೆ ಕೂತುಬಿಡುತ್ತಾರೆ. ಕೇಳದೆಯೇ ಸುತ್ತು ಆಗುತ್ತದೆ.

ಟೂರ್ನಿಯವರೊಬ್ಬರು ಬಿರಬಿರನೆ ಬರುತ್ತಾರೆ. "ಕೈ ಎತ್ತಬಾರದು ಅಂತ ಹೇಳಿದ್ವಲ್ಲ?"

"ಆಟ ಮುಗಿದಿತ್ತು" ಎನ್ನುತ್ತಾರೆ ರೆಫರಿ. "ಆಟದಲ್ಲಿ ಒಂದೂ ಕೈ ಎದ್ದಿಲ್ಲ. ಒಬ್ಬಳು ತಲೆ ಕೆರ್ಕೊಂಡ್ಲು, ಅದಕ್ಕೆ ನಿಯಮ ಇಲ್ಲ."

ಬಂದವರು ಹುಲ್ಲಿನ ಮೇಲೆ ಕೂತ ಎರಡೂ ತಂಡಗಳನ್ನು ನೋಡಿ, "ಸರಿ, ಹಾಗಾದ್ರೆ ಮುಂದಿನ ವರ್ಷ ಬನ್ನಿ" ಎಂದು ಹೋಗುತ್ತಾರೆ. ಬೇಕರಿಯವರು ಅಂದು ಮೊದಲ ಸಲ ಜೋರಾಗಿ ಉಸಿರು ಬಿಡುತ್ತಾರೆ.

ಅಕ್ಕ ರೆಫರಿಯತ್ತ ತಿರುಗುತ್ತಾರೆ. "ಗುರುವಾರ ಸಂಜೆ ಬಿಡುವಿದ್ಯಾ? ಹುಡುಗಿಯರಿಗೆ ನಿಯಮ ಹೇಳಿಕೊಡಬೇಕು. ನನಗೂ."

"ನಿಮ್ಮ ಮೈದಾನದಲ್ಲಿ ರೆಫರಿಗೆ ಜಾಗ ಇಲ್ವಂತಲ್ಲ?"

"ಸೀಟಿ ಮನೇಲಿಟ್ಟು ಬನ್ನಿ."

ವಾಪಸು ಬರುವಾಗ ವ್ಯಾನಿನಲ್ಲಿ ಹುಡುಗಿಯರು ಹಾಡುತ್ತಿದ್ದಾರೆ, ಗೆದ್ದವರ ಹಾಗೆ. ಬೀಗದಣ್ಣ ನನ್ನ ಕಿವಿಯ ಬಳಿ ಹೇಳುತ್ತಾರೆ, "ನಮ್ಮಕ್ಕ ಕೈ ಎತ್ತಿದ್ದು ಇದೇ ಮೊದಲು. ಚಿಕ್ಕಂದಿನಿಂದ ಕಾಯ್ತಿದ್ದೆ. ಗೆರೆ ಸೊಟ್ಟ ಆದಾಗಲೂ ದಾರದ ತಪ್ಪು ಅನ್ನಲ್ಲ, ತಪ್ಪೆಲ್ಲ ನನ್ನ ತಲೆಗೇ ಕಟ್ತಾಳೆ."

"ಕೇಳಿಸ್ತು" ಎನ್ನುತ್ತಾರೆ ಅಕ್ಕ ಮುಂದಿನ ಸೀಟಿನಿಂದ.

ಟ್ಯಾಂಕಿನ ಬಳಿ ಎಲ್ಲರೂ ಇಳಿಯುತ್ತಾರೆ. ಬೆಳಿಗ್ಗೆ ಎಳೆದ ಗೆರೆಗಳು ಚಿಕ್ಕ ಮಕ್ಕಳ ಕಾಲ್ತುಳಿತಕ್ಕೆ ಅರ್ಧ ಅಳಿಸಿವೆ. ನಿಮಗೇನು ಬೇಕು ಎಂದು ಅಕ್ಕನನ್ನು ಕೇಳುತ್ತೇನೆ. ಇಂಥ ಬರಹಕ್ಕೆ ಅದು ಬೇಕಾಗುತ್ತದೆ. ಅವರು ಬಹಳ ಯೋಚಿಸುವುದಿಲ್ಲ.

"ಆ ನಿಯಮದ ಪುಸ್ತಕ, ದೊಡ್ಡ ಅಕ್ಷರದ್ದು ಸಿಕ್ಕರೆ ಒಂದು. ಗಾಡಿಗೆ ಒಂದು ಚಕ್ರ."

ಇಷ್ಟು ಹೇಳಿ ಹೊರಟವರು ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಾರೆ. ಟ್ಯಾಂಕಿನ ಗೋಡೆಗೆ ಆಗಲೇ ಮತ್ತೆ ಚೆಂಡಿನ ಸದ್ದು ಶುರುವಾಗಿದೆ. ಅಕ್ಕ ಆ ಕಡೆ ನೋಡಿ, ಯಾರಿಗೂ ಕೇಳಿಸಬಾರದೆನ್ನುವಂತೆ ದನಿ ತಗ್ಗಿಸಿ ನನಗೆ ಹೇಳುತ್ತಾರೆ:

"ಹೊರಗೆ ಹೊಡೆದ್ಲಲ್ಲ, ಆ ಹೊಡೆತ ಸರಿಯಾಗಿ ನೋಡಿದ್ಯಾ? ಎಡಗಾಲು."